ಹುಲ್ಲಿನ ಮೇಲೆ ಚರಗ

"ಏಯ್, ಏಯ್! ಹುಲ್ಲು, ಹುಲ್ಲು!"

ಆವಲಪ್ಪ ಸುಣ್ಣದ ಬ್ರಷ್ಷನ್ನು ಬಕೆಟ್ಟಿಗೆ ಎಸೆದು ಓಡಿದರು. ಪಾರ್ಕಿನ ಲಾನಿನ ಸುತ್ತ ಕಟ್ಟಿದ್ದ ಹಗ್ಗದಾಚೆ ಬಿದ್ದಿದ್ದ ಷಟಲ್ ಕಾಕ್ ತೆಗೆದುಕೊಳ್ಳಲು ಹುಲ್ಲಿನ ಮೇಲೆ ಒಂದು ಕಾಲಿಟ್ಟಿದ್ದ ಪಿ.ಜಿ. ಹುಡುಗಿ ಆ ಕಾಲನ್ನು ಹಾಗೇ ಎತ್ತಿ ಕೊಕ್ಕರೆಯಂತೆ ನಿಂತುಬಿಟ್ಟಳು.

"ಸಾರಿ ಅಂಕಲ್, ಕಾಕ್ ಬಿತ್ತು..."

"ನಾನ್ ತೆಕ್ಕೊಡ್ತೀನಿ. ನೀನು ಮೊದ್ಲು ಕಾಲ್ ಈಚೆ ಇಡು."

ತೆಗೆದುಕೊಡಲು ಅವರ ಹತ್ತಿರ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರಿನ ಗಳವಿತ್ತು. ಹಗ್ಗದ ಈಚೆಯೇ ಕುಕ್ಕರಗಾಲಿನಲ್ಲಿ ಕೂತು, ಗಾಳ ಹಾಕುವವರ ತಾಳ್ಮೆಯಿಂದ ಕಾಕನ್ನು ಎಳೆದುಕೊಂಡರು. ಪಾರ್ಕು ಸಮಿತಿಯ ಅಧ್ಯಕ್ಷರಾದ ಆವಲಪ್ಪ ಬೇರೆಯವರಿಗೊಂದು ತಮಗೊಂದು ಕಾನೂನು ಮಾಡಿದವರಲ್ಲ. ಲಾನ್ ಹಾಕಿಸಿದಾಗಿನಿಂದ ಅವರೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಹುಡುಗಿ ಕಾಕ್ ಇಸಿದುಕೊಂಡು ಹೋಗುತ್ತ ಗೆಳತಿಯ ಹತ್ತಿರ, "ಪಾರ್ಕೇನು ಇವ್ರಪ್ಪಂದಾ?" ಅಂದದ್ದು ಕಿವಿಗೆ ಬಿತ್ತು. ಆವಲಪ್ಪ ವಾಪಸ್ಸು ಬಂದು, ಲಾನಿನ ಅಂಚಿನ ಇಟ್ಟಿಗೆಗಳಿಗೆ ಸುಣ್ಣ ಬಳಿಯಲು ಕೂತರು.

ಏನು ತಾನೇ ಹೇಳಿಯಾರು? ಅದು ನಿಜಕ್ಕೂ ಅವರಪ್ಪ ಸೊಣ್ಣಪ್ಪನ ರಾಗಿ ಹೊಲವೇ ಆಗಿತ್ತು. ದೊಡ್ಡನೆಕ್ಕುಂದಿ ಇನ್ನೂ ಊರಾಗಿದ್ದಾಗಿನ ಮಾತು. ಸರ್ಕಾರ ಬಡಾವಣೆ ಮಾಡಿತು, ಹೊಲದ ಮುಕ್ಕಾಲು ಭಾಗ ಸೈಟುಗಳಾದವು, ಅಪಾರ್ಟ್‌ಮೆಂಟ್ ಎದ್ದಿತು, ಮೂಲೆಯದೊಂದು ತುಂಡು ಪಾರ್ಕಿಗೆಂದು ಉಳಿಯಿತು. ಆವಲಪ್ಪ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರು. ಪಾರ್ಕು ಸಮಿತಿಗೆ ಅಧ್ಯಕ್ಷರು ಬೇಕೆಂದಾಗ ಯಾರೂ ಕೈಯೆತ್ತದಿದ್ದರೂ ಇವರೊಬ್ಬರು ಎತ್ತಿದರು. ಆದರೆ ಇದು ನಮ್ಮ ಹೊಲ ಅಂತ ಬಡಾವಣೆಯಲ್ಲಿ ಒಬ್ಬರಿಗೂ ಹೇಳಿದವರಲ್ಲ. ಹೇಳಿದರೆ ಜನ ಬಿಡುತ್ತಾರೆಯೇ? 'ಅದಕ್ಕೇ ಮುದುಕ ಹಿಂಗಾಡ್ತಾನೆ' ಅಂತ ಆಡಿಕೊಳ್ಳುತ್ತಾರೆ. ಆಡಿಕೊಂಡರೂ ಹೋಗಲಿ, 'ಅಯ್ಯೋ ಪಾಪ' ಅಂದುಬಿಟ್ಟರೆ? ಅದನ್ನು ಮಾತ್ರ ಅವರಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ಈಗ ಆ ತುಂಡಿಗೂ ಸಂಚಕಾರ ಬಂದಿತ್ತು. ಪಾರ್ಕನ್ನು ದತ್ತು ತೆಗೆದುಕೊಳ್ಳುತ್ತೇವೆಂದು ಯಾವುದೋ ಕಂಪನಿ ಅರ್ಜಿ ಹಾಕಿತ್ತು. ಅವರು ತೆಗೆದುಕೊಂಡರೆ ಗೇಟಿಗೆ ಸೆಕ್ಯೂರಿಟಿ, ಕೊರಳಿಗೆ ಪಾಸು. ಸಮಿತಿ ವರ್ಷದ ಗುರಿಗಳನ್ನು ಮುಟ್ಟಿದೆಯೋ ಇಲ್ಲವೋ ನೋಡಿ, ಪಾರ್ಕು ಯಾರ ಕೈಲಿರಬೇಕೆಂದು ಕಾರ್ಪೊರೇಷನ್ನಿನ ತೋಟಗಾರಿಕೆ ವಿಭಾಗದ ಮೇಡಂ ತೀರ್ಮಾನಿಸುವುದೆಂದಾಗಿತ್ತು. ಅವರು ಬರುವುದು ನಾಳೆ, ಹೊಸವರ್ಷದ ಮೊದಲ ದಿನ. ಅಪ್ಪನ ಹೊಲಕ್ಕೆ ಪಾಸು ತೋರಿಸಿ ಹೋಗುವುದೆಂದರೆ! ಅದನ್ನು ನೆನೆದರೆ ಆವಲಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ.

ಗುರಿಗಳನ್ನು ಹಾಕಿಕೊಟ್ಟವನು ಸಮಿತಿಯ ಕಾರ್ಯದರ್ಶಿ ಮುರಳಿ. ವೈಟ್‌ಫೀಲ್ಡಿನ ಆಫೀಸಿನಲ್ಲಿ ದಿನಾ ಅದೇ ಕೆಲಸವಂತೆ, ಅವನಿಗೆ ಗುರಿಯಿಲ್ಲದಿದ್ದರೆ ಊಟ ಸೇರದು. ಮೊದಲನೆಯದು ವಾಕಿಂಗ್ ದಾರಿ, ಎರಡನೆಯದು ಲಾನು, ಮೂರನೆಯದು ರಿಕ್ರಿಯೇಷನ್. ದಾರಿಯಾಯಿತು. ಲಾನಂತೂ ಬಿಡಿ, ಒಂದೆಳೆ ಕಳೆಯೂ ಇಲ್ಲದೆ ಹಸಿರುಗಟ್ಟಿತ್ತು. ಮೂರನೆಯದು ಎಲ್ಲಿದ್ದದ್ದು ಅಲ್ಲೇ ಇತ್ತು.

"ಹಂಗಂದ್ರೇನಪ್ಪ?" ಎಂದು ಆವಲಪ್ಪ ಒಮ್ಮೆ ಕೇಳಿದ್ದರು.

"ಜನ ಬಂದು ಖುಷಿಯಾಗಿರೋದು, ಅಂಕಲ್."

"ಇಂಥಾ ಹುಲ್ಲು ನೋಡಿದ್ರೆ ಖುಷಿ ಆಗಲ್ವಾ?"

"ನೋಡಿದ್ರೆ ಆಗತ್ತೆ ಅಂಕಲ್, ಆದ್ರೆ ನೋಡಕ್ಕೇ ಯಾರೂ ಬರ್ತಿಲ್ವಲ್ಲ."

ಬಂದರೆ ತಾನೇ? ಕ್ರಿಕೆಟ್ ಹುಡುಗರನ್ನು ಓಡಿಸಿಯಾಗಿತ್ತು, ಅವರೆಕಾಯಿ ಸುಲಿಯಲು ಬರುತ್ತಿದ್ದ ಹೆಂಗಸರನ್ನು ಸಿಪ್ಪೆ ಬೀಳುತ್ತದೆಂದು ಓಡಿಸಿಯಾಗಿತ್ತು. ಮಂತ್ರಕ್ಕಿಂತ ಉಗುಳೇ ಜಾಸ್ತಿ ಅಂತ ನಗೆಕೂಟದವರೂ ಜಾಗ ಬದಲಾಯಿಸಿದ್ದರು. ಹೆಂಡತಿ ಅನುಸೂಯಮ್ಮ ಒಂದು ದಿನ, "ದೇವ್ರಿಲ್ದಿರೋ ಗುಡಿ ತರ ಮಡೀಕೊಂಡಿದ್ದೀಯ" ಅಂದರೆ ಆವಲಪ್ಪ ಎರಡು ದಿನ ಮಾತು ಬಿಟ್ಟಿದ್ದರು.

ಸುಣ್ಣ ಬಳಿಯುವುದು ಮುಗಿಯುವ ಹೊತ್ತಿಗೆ ದೇವಕ್ಕ ಬಂದು ಸೆರಗು ಸರಿಮಾಡಿಕೊಂಡು ನಿಂತಳು. ಅವಳೂ ಗಂಡ ಭೀಮಪ್ಪನೂ ಪಾರ್ಕಿನ ಮಾಲಿಗಳು. ಸಿಂದಗಿ ಕಡೆಯವರು, ಪಂಪಿನ ಮನೆಯ ಪಕ್ಕದ ಕೋಣೆಯಲ್ಲೇ ಸಂಸಾರ.

"ಯಜಮಾನ್ರ, ನಾಳಿ ಎಳ್ಳಮಾಸಿ ಐತ್ರಿ. ರಾತ್ರಿ ಬಸ್ಸಿಗಿ ಹೋದ್ರ ಮುಂಜಾನಿ ಊರಾಗ ಇರ್ತೀವ್ರಿ."

"ನಾಳೆಯಾ? ಅಯ್ಯೋ, ನಾಳೆ ಮೇಡಂ ಬತ್ತಾವ್ರೆ ಕಣಮ್ಮ. ನೀವಿಲ್ದಿದ್ರೆ ನೀರು ಬಿಡೋರ್ಯಾರು?"

"ವರ್ಸಕ್ಕೊಮ್ಮಿ ಬರೂ ಹಬ್ಬರೀ. ಬಿಡಬಾರದ್ರಿ." ಅವಳ ಮುಖ ಸಣ್ಣದಾಯಿತು.

ಆವಲಪ್ಪ ಗದರುವವರೇ ಹೊರತು ಕೆಟ್ಟವರಲ್ಲ. ಹೆಣ್ಣುಮಗಳು ಹಬ್ಬದ ಮಾತಿಗೆ ಕಣ್ಣು ತುಂಬಿಕೊಂಡರೆ ಅವರಿಗೆ ಆಗಿಬರದು. "ಹಬ್ಬ ಬಿಡು ಅಂತ ಯಾರಂದ್ರು? ಇಲ್ಲೇ ಮಾಡ್ಕೊ" ಅಂದರು.

"ಇಲ್ಲೇ ಮಾಡ್ಲ್ಯಾರೀ?" ದೇವಕ್ಕನ ಕಣ್ಣು ಅರಳಿತು. "ಖರೇನ?"

"ಊಂ ಕಣಮ್ಮ, ಜೋರಾಗೇ ಮಾಡು."

ಆವಲಪ್ಪನ ಕಡೆ ಎಳ್ಳಮಾವಾಸ್ಯೆ ಎಂದರೆ ತಲೆಗೆ ನೀರು ಹಾಕಿಕೊಂಡು, ಶನಿದೇವರಿಗೊಂದು ಎಳ್ಳೆಣ್ಣೆ ದೀಪ ಹಚ್ಚುವುದು. ಕೋಣೆಯೊಳಗೆ ಅದಕ್ಕೆಷ್ಟು ಜಾಗ ಬೇಕು! ಸಿಂದಗಿ ಕಡೆ ಅದೇ ಹಬ್ಬಕ್ಕೆ ಮನೆಯೊಳಗೆ ಒಬ್ಬರೂ ಇರುವುದಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಿರಬೇಕು? ದೇವಕ್ಕ ಆಗಲೇ ಫೋನು ಹಿಡಿದು, "ಮಹಾನಂದಾ, ಊರಿಗಿ ಹೋಗೂದು ಬ್ಯಾಡವಾ, ಇಲ್ಲೇ ಹೊಲ ಸಿಕ್ಕೈತಿ!" ಅಂತ ತಂಗಿಗೆ ಕೂಗಿ ಹೇಳುತ್ತಿದ್ದಳು. ಆವಲಪ್ಪನಿಗೆ ಅದು ಕೇಳಿಸಲಿಲ್ಲ. ಅವರು ಸುಣ್ಣದ ಕೈ ತೊಳೆಯುತ್ತಿದ್ದರು.

ಮರುದಿನ ಹೊತ್ತೇರಿದ್ದರೂ, ರಾತ್ರಿಯೆಲ್ಲ ಹೊಸವರ್ಷಕ್ಕೆ ಎಚ್ಚರವಿದ್ದ ಬಡಾವಣೆ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ರಸ್ತೆಯ ಟಾರಿನ ಮೇಲೆ ಹ್ಯಾಪಿ ನ್ಯೂ ಇಯರ್ ಎಂದು ದೊಡ್ಡದಾಗಿ ಬಣ್ಣದಲ್ಲಿ ಬರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅನುಸೂಯಮ್ಮನ ಜೊತೆ ಹೊರಟ ಆವಲಪ್ಪನಿಗೆ, ಆ ಅಕ್ಷರಗಳನ್ನು ತುಳಿದುಕೊಂಡು ಸಾಲಾಗಿ ಹೋಗುತ್ತಿದ್ದ ಹೆಂಗಸರು ಕಂಡರು. ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ತಲೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಹಿಂದೆ ಗಂಡಸರು, ಹೆಗಲ ಮೇಲೆ ಕಂಬಳಿ, ಕಬ್ಬಿನ ಜಲ್ಲೆ.

"ಯಾವ್ದೋ ಬಿಲ್ಡಿಂಗ್ ಗುದ್ಲಿಪೂಜೆ ಇರ್ಬೇಕು" ಅಂದರು ಆವಲಪ್ಪ.

ಸಾಲು ತಿರುಗಿ ಪಾರ್ಕಿನ ಗೇಟು ಹೊಕ್ಕಿತು.

ಆವಲಪ್ಪ ಓಡಿದರು. ಅಂಗಿ ಪಂಚೆಯಿಂದ ಈಚೆ ಬಂತು. ಒಳಗೆ ಹೋಗಿ ನೋಡಿದರೆ ಹಗ್ಗ ಅಚ್ಚುಕಟ್ಟಾಗಿ ಸುತ್ತಿ ಮೂಲೆಗಿಟ್ಟಿತ್ತು. ವರ್ಷವೆಲ್ಲ ಕಾದ ಹುಲ್ಲಿನ ಮೇಲೆ ಕಂಬಳಿ ಹಾಸಿ ಮಾರತ್ತಹಳ್ಳಿ, ಪಣತ್ತೂರಿನ ಶೆಡ್ಡುಗಳಲ್ಲಿದ್ದ ದೇವಕ್ಕನ ಊರ ಕಡೆಯ ಕೂಲಿ ಜನವೆಲ್ಲ ಕೂತಿತ್ತು. ನಿನ್ನೆ ಸುಣ್ಣ ಬಳಿದ ಇಟ್ಟಿಗೆಗಳಲ್ಲಿ ಐದನ್ನು ಕಿತ್ತು ಲಾನಿನ ನಟ್ಟನಡುವೆ ಸಾಲಾಗಿ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ಸುತ್ತ ಕಬ್ಬು ನೆಟ್ಟಿದ್ದರು.

"ದೇವಕ್ಕಾ! ಏನಮ್ಮಾ ಇದು? ನನ್ನ ಮನೆ ಹಾಳು ಮಾಡ್ದಲ್ಲೇ!"

ದೇವಕ್ಕ ಗಾಬರಿಯಾದಳು. "ಎಳ್ಳಮಾಸಿರೀ. ನೀವ ಅಂದ್ರಲ್ರೀ, ಇಲ್ಲೇ ಮಾಡ್ಕೋ, ಜೋರಾಗೇ ಮಾಡು ಅಂತ?"

"ಅಂದ್ರೆ... ರೂಮಲ್ಲಿ! ಒಂದು ದೀಪ ಹಚ್ಕೊ ಅಂತ!"

"ರೂಮಿನಾಗ ಎಳ್ಳಮಾಸಿ ಯಾರ್ ಮಾಡ್ತಾರ್ರೀ?" ದೇವಕ್ಕನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಹೊಲದಾಗ ಮಾಡೂದ್ರಿ ಅದು. ಭೂತಾಯಿ ಬಸರಾಗಿರ್ತಾಳ, ಆಕಿಗಿ ಉಡಿ ತುಂಬಬೇಕ್ರಿ."

"ಇದು ಹೊಲ ಅಲ್ಲಮ್ಮ, ಲಾನು! ಆ ಇಟ್ಟಿಗೆ ಯಾಕ್ ಕಿತ್ರಿ?"

"ಪಾಂಡವ್ರು ಬೇಕಲ್ರೀ, ಐದು ಮಂದಿ" ಎಂದು ಭೀಮಪ್ಪ ಮೆಲ್ಲಗೆ ಹೇಳಿದ. "ಕಲ್ಲು ಹುಡುಕಿ ಸುಣ್ಣ ಹಚ್ಚಬೇಕ್ರಿ. ನೀವ ಹಚ್ಚಿಟ್ಟಿದ್ರಿ. ಹಬ್ಬಕ್ಕಂತ್ಲೇ ಹಚ್ಚ್ಯಾರ, ದೊಡ್ಡ ಮನಸ್ಸು ಯಜಮಾನ್ರದು ಅಂತ ಮಾತಾಡ್ಕೊಂಡೀವ್ರಿ."

ಅನುಸೂಯಮ್ಮ ಸೆರಗು ಬಾಯಿಗಿಟ್ಟುಕೊಂಡರೂ ನಗು ತಡೆಯಲಾಗಲಿಲ್ಲ. ಆವಲಪ್ಪ ಅವರನ್ನು ದುರುಗುಟ್ಟಿ ನೋಡುವಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು. ಮುರಳಿ ಓಡೋಡಿ ಬಾಗಿಲು ತೆಗೆಯುವುದೂ, ಮೇಡಂ ಇಳಿಯುವುದೂ ಕಂಡಿತು. ಮುಗೀತು, ಅಂದುಕೊಂಡರು ಆವಲಪ್ಪ. ಇನ್ನು ಪಾಸೇ ಗತಿ.

ಮಂಜುಶ್ರೀ ಮೇಡಂ ಚಿಕ್ಕ ವಯಸ್ಸಿನವರು, ಕೋಲಾರದ ಕಡೆಯವರು. ಬೆಳಿಗ್ಗೆಯಿಂದ ಪಾರ್ಕು ಸುತ್ತಿ ಸುತ್ತಿ ಮುಖ ಬಾಡಿತ್ತು. ವಾಕಿಂಗ್ ದಾರಿಯನ್ನು ನೋಡಿದರು, ತಲೆಯಾಡಿಸಿದರು. ಲಾನಿನ ಹತ್ತಿರ ಬಂದು ನಿಂತರು. ಕಂಬಳಿಗಳನ್ನು, ಬುಟ್ಟಿಗಳನ್ನು, ಕಬ್ಬಿನೊಳಗಿನ ಐದು ಇಟ್ಟಿಗೆಗಳನ್ನು ನೋಡಿದರು. ಅಷ್ಟರಲ್ಲಿ ಗಲಾಟೆ ಕೇಳಿ ಬಡಾವಣೆಯವರೂ ಒಬ್ಬೊಬ್ಬರಾಗಿ ನಿದ್ದೆಗಣ್ಣಲ್ಲೇ ಬಂದಿದ್ದರು. ನಿನ್ನೆಯ ಪಿ.ಜಿ. ಹುಡುಗಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತು, ಮಹಾನಂದಾಳ ಕೈಯಿಂದ ಕೂಸೊಂದನ್ನು ಇಸಿದುಕೊಳ್ಳುತ್ತಿದ್ದಳು.

"ಇದೇನು ಆವಲಪ್ಪನೋರೇ?"

"ತಪ್ಪಾಯ್ತು ಮೇಡಂ. ಈಗ್ಲೇ ಎಬ್ಬಿಸ್ತೀನಿ. ಹುಲ್ಲು ಇಂಗಿರ್ಲಿಲ್ಲ ಮೇಡಂ, ನಿನ್ನೆ ನೋಡ್ಬೇಕಿತ್ತು ನೀವು..."

"ಎಬ್ಬಿಸ್ಬೇಡಿ, ಎಬ್ಬಿಸ್ಬೇಡಿ." ಮೇಡಂ ಕೈಲಿದ್ದ ಫೈಲು ಮುಚ್ಚಿದರು. "ಬೆಳಿಗ್ಗೆಯಿಂದ ಎಷ್ಟೊಂದು ಪಾರ್ಕ್ ನೋಡ್ದೆ. ಎಲ್ಲಾ ಕಡೆ ಹಗ್ಗ ಇತ್ತು, ಬೋರ್ಡ್ ಇತ್ತು. ಮನುಷ್ಯರು ಇದ್ದಿದ್ದು ಇಲ್ಲೇ ಮೊದ್ಲು. ನಿಮ್ಮ ಮೂರನೇ ಗುರಿ ಏನಿತ್ತು ಮುರಳಿ?"

"ರಿಕ್ರಿಯೇಷನ್, ಮೇಡಂ."

"ಹಂ. ಆಗಿದೆಯಲ್ಲ." ಅವರು ನಕ್ಕರು. "ಪಾರ್ಕು ಈ ವರ್ಷಾನೂ ನಿಮ್ಮ ಹತ್ರಾನೇ ಇರ್ಲಿ ಆವಲಪ್ಪನೋರೇ. ಆದ್ರೆ ಆ ಹಗ್ಗ ಮತ್ತೆ ಕಟ್ಬೇಡಿ. ಹುಲ್ಲು ತಾನೇ? ನಾಲ್ಕು ದಿನ ನೀರು ಬಿಟ್ರೆ ಎದ್ದು ನಿಲ್ಲತ್ತೆ."

ಆವಲಪ್ಪನಿಗೆ ಕೇಳಿಸಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಅನುಸೂಯಮ್ಮ ಬೆನ್ನಿಗೊಂದು ತಿವಿದರು. "ಕೈ ಮುಗಿ" ಅಂದರು. ಮುಗಿದರು.

"ಊಟ ಮಾಡಿ ಹೋಗ್ರಿ ಬಾಯಾರ" ಎಂದು ದೇವಕ್ಕ ಮೇಡಮ್ಮಿಗೆ ಕಂಬಳಿಯ ಮೇಲೆ ಜಾಗ ಮಾಡಿದಳು. ಬುಟ್ಟಿಗಳ ಬಟ್ಟೆ ಸರಿದಿತ್ತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಪರಿಮಳಕ್ಕೆ ಬಡಾವಣೆಯವರ ನಿದ್ದೆ ಪೂರ್ತಿ ಹಾರಿತು. "ಆದ್ರ ಮೊದ್ಲ ಚರಗ ಚೆಲ್ಲಬೇಕ್ರಿ. ಭೂತಾಯಿ ಉಂಡ ಮ್ಯಾಲೆ ನಾವು."

ಒಂದು ಮೊರದಲ್ಲಿ ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಹಾಕಿ, ಬೇಯಿಸಿದ ಕಾಳು ಸೇರಿಸಿ, ಹೊಲಕ್ಕೆಲ್ಲ ಚೆಲ್ಲಲೆಂದು ಚರಗ ಕಲಸಿಟ್ಟಿದ್ದರು. ದೇವಕ್ಕ ಅದನ್ನೆತ್ತಿಕೊಂಡು ಸುತ್ತ ನೋಡಿದಳು.

"ಹೊಲದ ಯಜಮಾನ್ರು ಚೆಲ್ಲಬೇಕ್ರಿ ಇದನ್ನ. ಇಲ್ಲಿ ಯಾರ್ರೀ?"

ಮುರಳಿ ಗಂಟಲು ಸರಿಮಾಡಿಕೊಂಡು, "ರೆಕಾರ್ಡ್ ಪ್ರಕಾರ ಜಾಗ ಕಾರ್ಪೊರೇಷನ್‌ದು. ಹಂಗಾಗಿ ಮೇಡಂ..." ಅಂದ.

"ಅಯ್ಯೋ, ನಾನಾ?" ಮೇಡಂ ನಗುತ್ತಲೇ ಮೊರಕ್ಕೆ ಕೈ ಚಾಚಿದರು.

"ಕೊಡಮ್ಮ ಇಲ್ಲಿ."

ಅಂದದ್ದು ಆವಲಪ್ಪ. ದನಿ ಅವರದ್ದಲ್ಲ ಎನ್ನುವಷ್ಟು ಸಣ್ಣಗಿತ್ತು. ಅವರು ಮುಂದೆ ಬಂದು, ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಬಿಟ್ಟರು.

"ಇದು ನಮ್ಮಪ್ಪನ ಹೊಲ."

ಪಿ.ಜಿ. ಹುಡುಗಿ ತಲೆ ತಗ್ಗಿಸಿ ಕೂಸಿನ ಟೋಪಿ ಸರಿಮಾಡಿದಳು. ಭೀಮಪ್ಪ ಮಾತ್ರ ಇದರಲ್ಲೇನು ವಿಶೇಷ ಎನ್ನುವಂತೆ ನೀರಿನ ತಂಬಿಗೆ ಹಿಡಿದು ಅವರ ಹಿಂದೆ ಬಂದು ನಿಂತ. "ನೀವು ಚೆಲ್ಲಿ ಹುಲ್ಲುಲ್ಲಿಗ್ಯೋ ಅನ್ರಿ. ನಾ ಹಿಂದ ನೀರು ಹಾಕಿ ಚೆಲ್ಲಂಬರಿಗ್ಯೋ ಅಂತೀನಿ. ಬದುವಿನ ಗುಂಟ ನಡೀರಿ."

ಆವಲಪ್ಪ ಹುಲ್ಲಿನ ಮೇಲೆ ಕಾಲಿಟ್ಟರು. ತಣ್ಣಗಿತ್ತು. ಎಲ್ಲರೂ ಅವರು ಕಾಂಪೌಂಡಿನ ಪಕ್ಕ ಹಿಡಿದು ಸುತ್ತು ಬರುತ್ತಾರೆ ಅಂದುಕೊಂಡಿದ್ದರು. ಅವರು ಹಾಗೆ ಹೋಗಲಿಲ್ಲ. ಲಾನಿನ ಒಂದು ಮೂಲೆಯಿಂದ ಓರೆಯಾಗಿ, ಕಂಬಳಿಗಳ ನಡುವೆ ಹಾದು, ಪಾಂಡವರನ್ನು ಬಲಕ್ಕೆ ಬಿಟ್ಟು, ಎಲ್ಲೂ ಇಲ್ಲದ ಬದುವೊಂದರ ಮೇಲೆ ನಡೆದರು. ಒಂದು ಕಡೆ ಸ್ವಲ್ಪ ಬಳಸಿ ದಾಟಿದರು. ಅಲ್ಲೊಂದು ಹಳ್ಳ ಇತ್ತು ಅಂತ ಅನುಸೂಯಮ್ಮನಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಮಾವನಿಗೆ ಹಿಟ್ಟು ತರುವಾಗ ಅವರೂ ಅದನ್ನು ದಾಟಿದವರೇ. ಅವರು ಈಗ ಸೆರಗು ಬಾಯಿಗಿಟ್ಟುಕೊಂಡದ್ದು ನಗುವಿಗಲ್ಲ.

"ಹುಲ್ಲುಲ್ಲಿಗ್ಯೋ!" ಎಂದರು ಆವಲಪ್ಪ. ಮೊದಲ ಸಲ ನಾಚಿಕೆಯಿಂದ, ಆಮೇಲೆ ಗಟ್ಟಿಯಾಗಿ.

"ಚೆಲ್ಲಂಬರಿಗ್ಯೋ!" ಎಂದ ಭೀಮಪ್ಪ. ಕಂಬಳಿಯ ಮೇಲಿದ್ದವರೂ ದನಿಗೂಡಿಸಿದರು, ನೋಡನೋಡುತ್ತ ಬಡಾವಣೆಯವರೂ.

ಕಾಂಪೌಂಡಿನ ಗೋಡೆ ಬಂತು. ಮೊರದಲ್ಲಿ ಇನ್ನೂ ಒಂದು ಹಿಡಿ ಉಳಿದಿತ್ತು. ಆವಲಪ್ಪ ನಿಂತು ಗೋಡೆಯನ್ನು ನೋಡಿದರು. ಭೀಮಪ್ಪ ತಂಬಿಗೆ ಹಿಡಿದು ಕಾದ.

"ಆತೇನ್ರಿ ಹೊಲ?"

"ಇನ್ನೂ ಐತಪ್ಪ" ಅಂದರು ಆವಲಪ್ಪ.

ಹಿಮ್ಮಡಿಯೆತ್ತಿ, ಕೈ ಬೀಸಿ, ಆ ಹಿಡಿಯನ್ನು ಗೋಡೆಯಾಚೆಗೆ ಎಸೆದರು. ಅಪಾರ್ಟ್‌ಮೆಂಟಿನ ಕಡೆ ಸಾಲಾಗಿ ನಿಂತಿದ್ದ ಯಾವುದೋ ಕಾರಿನ ತಗಡಿನ ಮೇಲೆ ಕಾಳುಗಳು ಪಟಪಟ ಬಿದ್ದ ಸದ್ದಾಯಿತು.