ನೀಲಿ ಕಾರಿನ ಗಾಳಿ

ಕಾರು ಪತ್ರಿಕೆಯ ಆಫೀಸಿನಲ್ಲಿ ಅವನಿಗೆ ‘ಅಳತೆಪಟ್ಟಿ’ ಎಂದೇ ಹೆಸರು. ಬೇರೆಯವರು ಕಾರು ಓಡಿಸಿ ‘ಬ್ರೇಕ್ ಚೆನ್ನಾಗಿದೆ’ ಎಂದು ಕೈತೊಳೆದುಕೊಂಡರೆ, ಅವನು ನೂರರ ವೇಗದಿಂದ ಐದು ಸಲ ನಿಲ್ಲಿಸಿ, ಟೇಪು ಹಿಡಿದು, ಸರಾಸರಿ ತೆಗೆದು ಬರೆಯುವವನು. ಆ ತಿಂಗಳು ಎರಡು ಚುರುಕಿನ ಹ್ಯಾಚ್‌ಬ್ಯಾಕ್‌ಗಳನ್ನು ಹೋಲಿಸಿದ್ದ: ಒಂದು ಕೆಂಪು, ಒಂದು ನೀಲಿ. ನೀಲಿಯ ಎಂಜಿನ್ ಬಿರುಸು ನಿಜ, ಆದರೆ ತಿರುವಿನಲ್ಲಿ ಮೂತಿ ಜಾರುತ್ತದೆ, ನಿಲ್ಲಲು ನಾಲ್ಕು ಮೀಟರ್ ಹೆಚ್ಚು ಬೇಕು. ಕೆಂಪೇ ಮೇಲು ಎಂದು ತೀರ್ಪು ಕೊಟ್ಟಿದ್ದ.

ಪತ್ರಿಕೆ ಹೊರಬಂದ ಎಂಟನೆಯ ದಿನ ನೀಲಿ ಕಾರಿನ ಷೋರೂಮಿನಿಂದ ಮೆಕ್ಯಾನಿಕ್ ಫೋನ್ ಮಾಡಿದ.

“ಸರ್, ನಿಮ್ಮಿಂದ ಬಂದ್ಮೇಲೆ ಗಾಡಿ ಮೂಲೇಲೇ ನಿಂತಿತ್ತು. ಇವತ್ತು ಗಾಳಿ ನೋಡ್ದೆ. ನಾಲ್ಕೂ ಟೈರಲ್ಲಿ ನಲವತ್ತೈದಿದೆ. ಅಷ್ಟಿದ್ರೆ ಟೈರಿಗೆ ರಸ್ತೆ ಮೇಲೆ ಹಿಡಿತ ಎಲ್ಲಿರುತ್ತೆ? ಹಡಗಲ್ಲಿ ಕಳಿಸುವಾಗ ಜಾಸ್ತಿ ತುಂಬಿರ್ತಾರೆ, ಮೂವತ್ಮೂರಕ್ಕೆ ಇಳಿಸೋದು ನಾವು ಮರೆತುಬಿಟ್ವಿ. ನೀವೂ ನೋಡ್ಲಿಲ್ವಾ?”

“ಆಮೇಲೆ ಮಾತಾಡ್ತೀನಿ,” ಎಂದು ಫೋನಿಟ್ಟು ನೋಟ್‌ಬುಕ್ ತೆರೆದ. ಕೆಂಪು ಕಾರಿನ ಸಾಲಿನಲ್ಲಿ ಟೈರುಗಳ ಗಾಳಿಯ ನಾಲ್ಕು ಅಂಕಿಗಳಿದ್ದವು. ಅದರ ಕೆಳಗೆ, ನೀಲಿಯ ಸಾಲಿನಲ್ಲಿ, ಮೇಲಿನಂತೆಯೇ ಎನ್ನುವ ಎರಡೆರಡು ಪುಟ್ಟ ಗೀಟು. ಆ ದಿನ ಟ್ರ್ಯಾಕ್ ಬಿಡುವ ಹೊತ್ತಾಗಿತ್ತು. ಹೊಸ ಕಾರು, ಸರಿಯಾಗಿಯೇ ಇರುತ್ತದೆ ಎಂದುಕೊಂಡಿದ್ದ. ಊಹೆ ಮಾಡಿದ್ದಕ್ಕೆ ಎಷ್ಟೋ ಜನರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡವನು ಅವನೇ. ಕಿವಿ ಬಿಸಿಯಾಯಿತು. ಯಾರೂ ನೋಡದಿದ್ದರೂ ಪುಟ ಮುಚ್ಚಿದ.

ಸಂಜೆ ಅಕ್ಕ ಆಫೀಸಿನ ಮುಂದೆ ಹಾರ್ನ್ ಹೊಡೆದಳು. ಹಲ್ಲಿನ ಡಾಕ್ಟರು, ಇಪ್ಪತ್ತು ವರ್ಷ ಮನೆಯವರ ಅನುಕೂಲದ ದೊಡ್ಡ ಗಾಡಿ ಓಡಿಸಿ, ಕೊನೆಗೆ ತನಗೇ ಅಂತ ಒಂದು ಕಾರು ಕೊಂಡಿದ್ದಳು. ಕೆಂಪು.

“ಹತ್ತೋ, ಮಹರಾಯ. ಒಂದು ಸುತ್ತು ಹೋಗ್ಬರೋಣ.”

ಎರಡು ತಿರುವು ದಾಟಿದ ಮೇಲೆ ಅಕ್ಕ ಹೇಳಿದಳು: “ನಿಜ ಹೇಳ್ಲಾ? ನನ್ನ ಮನಸ್ಸು ಹೋಗಿದ್ದು ನೀಲಿ ಮೇಲೇ. ಆದ್ರೆ ನೀನು ಅಳೆದವನು. ನಿನ್ನ ಮುಂದೆ ನನ್ನ ಮನಸ್ಸೇನು ಲೆಕ್ಕ?”

ಅವನು ತಲೆಯೆತ್ತದೆ ಎಲ್ಲ ಹೇಳಿದ. ಅಕ್ಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

“ನಾನಿದನ್ನು ಹೇಗೋ ಓಡಿಸ್ಕೊತೀನಿ ಬಿಡು. ನಿನ್ನ ಮಾತು ಓದಿದವರು ನಾನೊಬ್ಳೇನಾ? ಅವರಿಗೆ ಯಾವಾಗ ಹೇಳ್ತೀಯ?”

“ಇನ್ನೊಂದ್ಸಲ ಅಳೆದು ನೋಡ್ತೀನಕ್ಕ. ಆಗ್ಲೂ ಕೆಂಪೇ ಗೆದ್ರೆ…”

“ಬೇರೆ ಹಲ್ಲು ಕಿತ್ತುಬಿಟ್ಟು, ಅದೂ ಹುಳುಕಾಗಿತ್ತೇನೋ ನೋಡೋಣ ಅಂದ ಹಾಗಾಯ್ತು.”

ಅವನು ಅಲ್ಲೇ ಕೂತು ಸಂಪಾದಕರಿಗೆ ಫೋನ್ ಮಾಡಿದ. ಅವರು ಎಲ್ಲ ಕೇಳಿ ನಕ್ಕರು. “ಇಷ್ಟಕ್ಕೆ ಯಾಕಯ್ಯಾ ಅಳ್ತೀಯ? ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಎರಡು ಸಾಲು ಹಾಕೋಣ. ಷೋರೂಮಿನವರ ತಪ್ಪು ಅಂತ. ಯಾರ ಕಣ್ಣಿಗೂ ಬೀಳಲ್ಲ.”

ಎದೆಯ ಭಾರ ಸರ್ರನೆ ಇಳಿಯಿತು. ಇಳಿದದ್ದು ತನಗೇ ತಿಳಿದು ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಪಕ್ಕದಲ್ಲಿ ಅಕ್ಕನಿಗೂ ಮಾತು ಕೇಳಿಸಿತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

“ಬೇಡ ಸರ್,” ಎಂದ. “ಹೋಲಿಕೆ ಹಾಕಿದ ಜಾಗದಲ್ಲೇ, ಅಷ್ಟೇ ದೊಡ್ಡದಾಗಿ ಹಾಕಿ. ಗಾಳಿ ನೋಡದೆ ಅಳೆದವನು ನಾನು ಅಂತ ಮೊದಲ ಸಾಲಲ್ಲೇ ಇರ್ಲಿ.”

ದನಿ ಎಷ್ಟು ಸಣ್ಣಗಿತ್ತೆಂದರೆ, “ಏನಂದೆ? ಕೇಳಿಸ್ಲಿಲ್ಲ,” ಎಂದರು ಸಂಪಾದಕರು.

ಅವನು ಇನ್ನೊಮ್ಮೆ ಹೇಳಬೇಕಾಯಿತು.