ಸ್ವರ ಒಡೆಯುವ ದೃಶ್ಯ

ಟಿವಿಯಲ್ಲಿ ದೆವ್ವದ ಸಿನಿಮಾ ಬಂದರೆ ಎದ್ದು ಸ್ವಿಚ್ಚು ಆರಿಸುವ ಹೆಂಗಸು ಆಕೆ. ಅಂಥವಳನ್ನೇ ದೆವ್ವ ಮಾಡಲು ಹೊರಟಿದ್ದ ಅವಳ ತಮ್ಮ.

"ಬರೀ ಒಂದು ಹಾಡು ಅಕ್ಕಾ. ಕಛೇರಿ ಸೀನು. ನೀನು ಹಾಡ್ತಿರ್ತೀಯ, ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆದು ಕಿರುಚಾಟ ಆಗತ್ತೆ, ದೀಪ ಆರತ್ತೆ, ಜನ ಹೆದರಿ ಓಡ್ತಾರೆ. ಅಷ್ಟೇ."

"ಅಷ್ಟೇನಾ?" ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು.

ಅವಳು ವೇದಿಕೆ ಬಿಟ್ಟದ್ದೇ ಅದಕ್ಕೆ. ತುಂಬಿದ ಸಭೆಯಲ್ಲಿ ಒಮ್ಮೆ ಏರುಸ್ವರ ಕೈಕೊಟ್ಟಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ಅಂದಿನಿಂದ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದಷ್ಟೇ. ತಮ್ಮನಿಗೆ ಇದೆಲ್ಲ ಗೊತ್ತಿತ್ತು. ಆದರೆ ಒಪ್ಪಿಕೊಂಡಿದ್ದ ನಟಿ ಕೊನೇ ಗಳಿಗೆಯಲ್ಲಿ ಕೈಯೆತ್ತಿದ್ದಳು, ಸಹಾಯಕ ನಿರ್ದೇಶಕನಾದ ಅವನ ಕುತ್ತಿಗೆಗೆ ಬಂದಿತ್ತು. ಅವನ ಮುಖ ನೋಡಲಾರದೆ ಅಕ್ಕ ಹೂಂ ಎಂದಳು. ಹೂಂ ಎಂದ ಮೇಲೆ ಊಟ ರುಚಿಸಲಿಲ್ಲ.

ಚಿತ್ರೀಕರಣ ಹಳೆಯ ರಂಗಮಂದಿರವೊಂದರಲ್ಲಿ. ಹೊರಗೆ ರಣಬಿಸಿಲು, ಒಳಗೆ ಕಿಟಕಿ ಬಾಗಿಲಿಗೆಲ್ಲ ಕಪ್ಪು ಬಟ್ಟೆ ಬಿಗಿದು ಇರುಳು ಮಾಡಿದ್ದರು. ಶ್ರೋತೃಗಳಾಗಿ ಕೂತವರು ಸುತ್ತಲ ಬೀದಿಯವರು: ಕಾಲೇಜು ಹುಡುಗಿಯರು, ನಿವೃತ್ತರು, ಅಂಗಡಿಗೆ ಬೀಗ ಜಡಿದು ಬಂದ ದರ್ಜಿ. ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಅಜ್ಜಿ.

"ಮುಖ ಕಾಣ್ಲಿ ಅಂತ ಬೇಗ ಬಂದು ಸೀಟು ಹಿಡ್ದಿದೀನಮ್ಮ," ಎಂದು ಅಜ್ಜಿ ವೇದಿಕೆಯತ್ತ ಕೂಗಿದಳು. "ನೀನು ಚೆನ್ನಾಗಿ ಹೆದರಿಸು."

ಆದರೆ ಸ್ವರ ಒಡೆಯಲಿಲ್ಲ. ಬೇಡವಾದಾಗ ಒಡೆದ ಗಂಟಲು ಈಗ ಬೇಕೆಂದರೆ ಬಗ್ಗದು. ಅಂಗೈ ಬೆವರಿ ಮೈಕು ಜಾರುತ್ತಿತ್ತು. ಸ್ವರ ಮಾತ್ರ ನೆಟ್ಟಗೆ ಹೋಗಿ ಮೇಲೆ ನಿಂತುಬಿಡುತ್ತಿತ್ತು. ಒಂದು ಸಲವಂತೂ ಓಡಬೇಕಾದ ಜನ ಚಪ್ಪಾಳೆ ತಟ್ಟಿದರು.

ನಿರ್ದೇಶಕ ಹಣೆ ಚಚ್ಚಿಕೊಂಡ. "ಮೇಡಂ, ಚೆನ್ನಾಗಿ ಹಾಡ್ತೀರಿ. ದಯವಿಟ್ಟು ಹಾಗೆ ಹಾಡ್ಬೇಡಿ!"

ಪ್ರತಿ ಸಲವೂ ಮತ್ತೆ ಮೊದಲಿನಿಂದ. ಅವಳು ಕೆಳಸ್ಥಾಯಿಯ ಮೊದಲ ಸಾಲು ಎತ್ತಿಕೊಂಡರೆ ಜನ ತಂತಮ್ಮ ಜಾಗದಲ್ಲಿ ಕೂರಬೇಕೆಂದು ಅಪ್ಪಣೆಯಾಗಿತ್ತು. ನಡುವೆ ಪಕ್ಕದ ಬಾಗಿಲು ಗಾಳಿಗೆ ತೆರೆದುಕೊಂಡು ಬಿಸಿಲು ಒಳನುಗ್ಗಿತು. "ಯಾರ್ರೀ ಅದು, ಬಾಗಿಲು ಭದ್ರ ಮಾಡ್ರೀ!" ಎಂದು ನಿರ್ದೇಶಕ ಅರಚಿದ. ತಮ್ಮ ಓಡಿಹೋಗಿ, ಒಳಚಿಲಕ ಇಲ್ಲದ್ದರಿಂದ ಹೊರಗಿನಿಂದ ಚಿಲಕ ಹಾಕಿ, ಮುಂಬಾಗಿಲಿನಿಂದ ಒಳಗೆ ಬಂದ. ಅದನ್ನು ನೋಡಿ ಅಕ್ಕನಿಗೆ ಏನೋ ಚುಚ್ಚಿದಂತಾಯಿತು. ಹೇಳೋಣವೆನ್ನುವಷ್ಟರಲ್ಲಿ ಮುಖದ ಮೇಲೆ ದೀಪ ಬಿತ್ತು.

ಈ ಸಲ ಅವಳು ಹಾಡುವ ಗೋಜಿಗೇ ಹೋಗಲಿಲ್ಲ. ಮೇಲಿನ ಸ್ವರ ಬಂದೊಡನೆ ಕಣ್ಣು ಮುಚ್ಚಿ ಕಿರುಚಿದಳು. ದೀಪಗಳು ಆರಿದವು. ಕುರ್ಚಿಗಳು ಉರುಳಿದವು, ಜನ ಹೋ ಎಂದು ಎದ್ದು ಓಡಿದರು. ಉಳಿದದ್ದು ಕ್ಯಾಮೆರಾದವರ ಮಂದ ನೀಲಿ ಬೆಳಕು.

ಕಣ್ಣು ತೆರೆದಾಗ ಮುಂಬಾಗಿಲ ಬಳಿಯ ಗುಂಪು ಕರಗುತ್ತಿತ್ತು. ಪಕ್ಕದ ಬಾಗಿಲಿನದು ಕರಗುತ್ತಿರಲಿಲ್ಲ. ಮುಂದಿದ್ದವರು ಬಾಗಿಲು ಗುದ್ದುತ್ತಿದ್ದರು, ಹಿಂದಿದ್ದವರು ನಗುತ್ತ ನೂಕುತ್ತಿದ್ದರು. ಅವಳ ಕಿವಿಗೆ ವ್ಯತ್ಯಾಸ ಥಟ್ಟನೆ ತಿಳಿಯಿತು. ನಟನೆಯ ಕೂಗಿನ ಹಿಂದೆ ದಂಡಿಯಾಗಿ ಉಸಿರಿರುತ್ತದೆ. ಅಲ್ಲಿಂದ ಬರುತ್ತಿದ್ದದ್ದು ಉಸಿರು ಸಿಗದವರ ಸದ್ದು.

"ನಿಲ್ಲಿ! ಬಾಗಿಲು ಹಾಕಿದೆ, ನೂಕಬೇಡಿ!"

ಅವಳು ಬಾಯಿ ಬಡಿದುಕೊಂಡಷ್ಟೂ ಜನ ಜೋರಾಗಿ ನೂಕಿದರು. ಅವಳು ಕಿರುಚಿದರೆ ಓಡಿ ಎಂದಲ್ಲವೇ ಹೇಳಿಕೊಟ್ಟಿದ್ದು! ನಿರ್ದೇಶಕ ಕತ್ತಲಲ್ಲಿ ಹೆಬ್ಬೆರಳೆತ್ತಿ, ಸೊಗಸಾಗಿದೆ, ಮುಂದುವರಿಸಿ ಎಂದು ಸನ್ನೆ ಮಾಡಿದ.

ಅವಳು ಮತ್ತೇನೂ ತೋಚದೆ ಮೈಕನ್ನು ಬಾಯಿಗೆ ಒತ್ತಿ, ಕೆಳಸ್ಥಾಯಿಯ ಆ ಮೊದಲ ಸಾಲು ಎತ್ತಿಕೊಂಡಳು. ಹಿಂದಿದ್ದ ಒಬ್ಬಿಬ್ಬರು ತಿರುಗಿದರು. ಹಾಡಿನ ಮಾತು ಬಿಟ್ಟು ಅದೇ ರಾಗಕ್ಕೆ ತನ್ನ ಮಾತು ಹಾಕಿದಳು: "ಹಿಂದಕ್ಕೆ ಬನ್ನಿ, ಕೂತುಕೊಳ್ಳಿ... ಹೊರಗಿನ ಚಿಲಕ ತೆಗೆಯೋ ತಮ್ಮಾ..."

ಕ್ಯಾಮೆರಾ ಪಕ್ಕದಲ್ಲಿದ್ದ ತಮ್ಮ ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದ. ಅವಳು ಅದೇ ಸಾಲನ್ನು ಮತ್ತೆ ಮತ್ತೆ ಹಾಡಿದಳು. ನೂಕುವವರು ಸಡಿಲವಾಗಿ, ಒಬ್ಬೊಬ್ಬರೇ ಕುರ್ಚಿಗಳತ್ತ ಸರಿದರು. ಚಿಲಕ ಕಳಚಿತು. ಬಿಸಿಲು ಬಿದ್ದಲ್ಲಿ ಅಜ್ಜಿ ನೆಲದ ಮೇಲಿದ್ದಳು, ಕೈ ಸೊಟ್ಟಗಾಗಿತ್ತು. ದರ್ಜಿ ಅವಳ ಮೇಲೆ ಬೆನ್ನು ಬಾಗಿಸಿ, ಗೋಡೆಗೆ ಎರಡೂ ಕೈ ಊರಿ ನಿಂತಿದ್ದ.

ಅಜ್ಜಿಯ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕುವವರೆಗೂ ಅಕ್ಕ ಕೂರಲಿಲ್ಲ, ನಿಲ್ಲಲಿಲ್ಲ. ಕಿಟಕಿಯಿಂದ ಬಾಗಿಲಿಗೆ ಓಡಾಡಿದಳು.

"ಚಿಲಕ ಹಾಕಿದ್ದು ನಾನೇ ಅಕ್ಕಾ," ಎಂದ ತಮ್ಮ.

"ನೋಡ್ದೆ ಕಣೋ. ನೋಡಿಯೂ ಸುಮ್ನಿದ್ದೆ."

ಅವನು ದನಿ ತಗ್ಗಿಸಿ, "ಕ್ಯಾಮೆರಾ ಓಡ್ತಾನೇ ಇತ್ತಂತೆ. ಅದನ್ನೇ ಸಿನಿಮಾಗೆ ಹಾಕ್ತೀನಿ ಅಂತಾರೆ ಡೈರೆಕ್ಟ್ರು," ಎಂದ.

ಅಜ್ಜಿ ಮಂಚದಿಂದಲೇ ಕೇಳಿದಳು: "ನನ್ನ ಮುಖ ಕಾಣತ್ತೇನಪ್ಪಾ?"

"ಚೆನ್ನಾಗಿ ಕಾಣತ್ತಂತೆ ಅಜ್ಜಿ."

"ಹಾಗಾದ್ರೆ ಬೇಡ. ಅದು ಸತ್ತೇ ಹೋದೆ ಅಂದ್ಕೊಂಡಾಗಿನ ಮುಖ. ನಾಲ್ಕು ಜನ ನೋಡೋದಲ್ಲ."

ತಮ್ಮ ಆ ಮಾತನ್ನು ಹಾಗೇ ಒಯ್ದು ಮುಟ್ಟಿಸಿದ. ನಿರ್ದೇಶಕ ಮೊದಲು ಹಾರಾಡಿದ. ಆಮೇಲೆ ಆ ತುಣುಕನ್ನು ಒಬ್ಬನೇ ಕೂತು ನೋಡಿ ಹೊರಗೆ ಬಂದು, ಇನ್ನೊಮ್ಮೆ ತೆಗೆಯೋಣ ಎಂದನಂತೆ.

ಅಕ್ಕ ಬರುವುದಿಲ್ಲವೆಂದೇ ಎಲ್ಲರ ಲೆಕ್ಕ. ಬಂದಳು, ಷರತ್ತು ಹಾಕಿ. ಬಾಗಿಲುಗಳನ್ನೆಲ್ಲ ತೆರೆದು ಹಗ್ಗದಿಂದ ಕಟ್ಟಿದರು, ಅಡ್ಡಕ್ಕೆ ಬರೀ ಬಟ್ಟೆ. ಒಂದೊಂದು ಬಾಗಿಲಿಗೂ ಒಬ್ಬ ಆಳು. ಪಕ್ಕದ ಬಾಗಿಲಿಗೆ ತಮ್ಮ. ಅವಳು ಹಾಡುತ್ತ ಕ್ಯಾಮೆರಾ ಕಡೆ ನೋಡಲೇ ಇಲ್ಲ. ಕಣ್ಣೆಲ್ಲ ಬಾಗಿಲ ಮೇಲೆ. ಮೇಲಿನ ಸ್ವರಕ್ಕೆ ಹೋದಾಗ ಅದು ತಾನಾಗಿ ಸೀಳಿತು. ತುಂಬಿದ ಸಭೆಯ ಮುಂದೆ, ಹಸಿಹಸಿಯಾಗಿ. ಜನ ಎದ್ದು ಓಡಿದರು.

"ಓಕೆ! ಓಕೆ!" ಎಂದು ನಿರ್ದೇಶಕ ಕುಣಿದಾಡಿದ.

ಅವಳಿಗದು ಕಿವಿಗೇ ಬೀಳಲಿಲ್ಲ. "ಎಲ್ರೂ ಹೊರಗೆ ಹೋದ್ರೇನೋ?" ಎಂದು ಮೈಕಿನಲ್ಲೇ ಕೇಳಿದಳು. ತಮ್ಮ ಪಕ್ಕದ ಬಾಗಿಲಲ್ಲಿ ಕೈಯೆತ್ತಿದ. ಅಷ್ಟಾದರೂ ಅವಳು ವೇದಿಕೆಯಿಂದಿಳಿದು, ಒಂದೊಂದು ಬಾಗಿಲಿನ ಬಟ್ಟೆಯನ್ನೂ ಸರಿಸಿ ನೋಡಿಕೊಂಡೇ ಬಂದಳು.