ಗಾಳೆಮ್ಮ ಇದ್ದ ಸಿನಿಮಾ

ಬಿದಿರಿನ ಗಳಕ್ಕೆ ಹಗ್ಗ ಬಿಗಿಯುತ್ತಿದ್ದ ಓಬಣ್ಣನ ಕೈ ಅಲ್ಲೇ ನಿಂತಿತು.

"ಎಲ್ಲಿ ಇಳಸಬೇಕಂದಿ?"

"ಸಾವ್ಕಾರ್ರ ಮನಿ ಮುಂದ," ಎಂದಳು ಕ್ರಾಂತಿ. "ಅವ್ವನ್ನ ಊರಾಗಿನ ದಾರೀಲೆ ಒಯ್ಯೋಣು. ಅವರ ಗೇಟಿನ ಮುಂದ ಇಳಿಸಿ, ಅಲ್ಲೇ ಹೆಸರು ಕರಿಯೋಣು."

"ಹುಚ್ಚೇನಲೇ ನಿನಗ?"

ಓಬಣ್ಣ ಸತ್ತ ಗಾಳೆಮ್ಮನ ತಮ್ಮ, ಕ್ರಾಂತಿಗೆ ಸೋದರಮಾವ. ಕೇರಿಯಲ್ಲಿ ಯಾರು ಸತ್ತರೂ ಚಟ್ಟ ಕಟ್ಟುವವನು ಅವನೇ. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ತಲೆಯಿದ್ದ ಕಡೆಗೆ ಕಾಲು ತಿರುಗಿಸಿ, ಮಗನೋ ಮಗಳೋ ಹೆಣದ ಕಿವಿಯಲ್ಲಿ ಮೂರು ಸಲ ಹೆಸರು ಹಿಡಿದು ಕರೆಯಬೇಕು. ಓಗೊಟ್ಟರೆ ಮನೆಗೆ, ಇಲ್ಲದಿದ್ದರೆ ಮಣ್ಣಿಗೆ. ಮನೆಮನೆಯ ಗೋಡೆಗೆ ಬುದ್ಧನ ಫೋಟೊ ಬಂದಮೇಲೆ ಎಷ್ಟೋ ಪದ್ಧತಿಗಳು ಬಿಟ್ಟುಹೋದವು, ಇದೊಂದು ಉಳಿದಿತ್ತು. ಆದರೆ ಕೇರಿಯ ಹೆಣ ಹೋಗುವುದು ಹಳ್ಳದ ದಾರಿಯಲ್ಲಿ, ಇಳಿಸುವುದು ಹುಣಸೆಗಿಡದ ಬುಡದಲ್ಲಿ. ಹಾಗಂತ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೂ ಯಾರೂ ಮೀರಿರಲಿಲ್ಲ.

"ನೀನು ಹರಪನಹಳ್ಳ್ಯಾಗ ನರ್ಸ್ ಆಗಿ ಆರಾಮ ಅದಿ. ನಾಳಿ ನಾನು ಕುರಿ ಎಲ್ಲಿ ಬಿಡ್ಲಿ? ಅವರ ಬೀಳು ಹೊಲದಾಗ ಮೇಯಾಕ ಬಿಡ್ತಾರೇನು?"

"ಹೊಲದ ಮಾತಲ್ಲ ಮಾವ. ಆಯುಷ್ಯ ಪೂರ್ತಿ ಅವರ ಅಂಗಳಾ ಕಸ ಹೊಡದ್ಲು. ಒಂದು ದಿನಾನರ ಆ ಮನ್ಯಾಗ ಯಾರರ ಆಕೀನ್ನ ಹೆಸರು ಹಿಡದು ಕರದಾರೇನು? 'ಏ', 'ಬಂದ್ಯಾ', 'ಕಸದಾಕಿ', ಇಷ್ಟ. ಇವತ್ತು ಒಂದ್ಸಲ ಆ ಹೆಸರು ಅವರ ಬಾಗಲಾಗ ಕೇಳಬೇಕು."

ಪಕ್ಕದಲ್ಲಿ ಹೂವಿನ ಸರ ಬಿಡಿಸುತ್ತಿದ್ದ ನೆರೆಮನೆಯ ಅಂಜಿನಕ್ಕ ತಲೆಯೆತ್ತಿದಳು. "ನಿಮ್ಮವ್ವ ಕೇಳಿದ್ಲೇನ ಇದನ್ನ?"

"ಇಲ್ಲ. ಆಕಿ ಏನೂ ಕೇಳಿಲ್ಲ ಯಾರನ್ನೂ. ಅದಕ್ಕ ನಾನು ಕೇಳಾಕತ್ತೀನಿ."

ಓಬಣ್ಣ ಹಗ್ಗ ಬಿಟ್ಟು ಎದ್ದು ನಿಂತ. ಕೇರಿಯ ಬಾಯಿಗೆ ಬಿಳಿ ಕಾರೊಂದು ಬಂದು ನಿಂತಿತ್ತು.

*

ಸಾವ್ಕಾರರ ಮಗ ಪ್ರವೀಣಕುಮಾರ್ ಕೊಟ್ಟೂರಿನಲ್ಲಿ ಕಾಲೇಜು ಮೇಷ್ಟ್ರು. ಗುಲಾಬಿಯ ದೊಡ್ಡ ಹಾರ ತಂದಿದ್ದ. ಚಪ್ಪಲಿ ಬಿಟ್ಟು ಬಂದು, ಬಿಳಿ ಬಟ್ಟೆಯಲ್ಲಿ ಮಲಗಿದ್ದ ಗಾಳೆಮ್ಮನ ಪಾದದ ಹತ್ತಿರ ಹಾರ ಇಟ್ಟ. ಅವನ ಕಣ್ಣು ನಿಜವಾಗಿಯೂ ಒದ್ದೆಯಾದವು. ಸುಳ್ಳು ಹೇಳಬಾರದು, ಅದು ನಾಟಕವಾಗಿರಲಿಲ್ಲ.

"ನಮ್ಮ ಅಂಗಳದಾಗ ಇವರ ಕಸಬರಗಿ ಸಪ್ಪಳ ಕೇಳೇ ನಾನು ದಿನಾ ಏಳ್ತಿದ್ದೆ," ಎಂದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಕ್ರಾಂತಿಯ ಮಗಳು ಪ್ರಿಯಾ ಚಹಾ ತಂದುಕೊಟ್ಟಳು. ಅವನು ತೆಗೆದುಕೊಂಡು ಕುರ್ಚಿಯ ಕೆಳಗಿಟ್ಟ.

"ಕ್ರಾಂತಿ, ಆ ಸಿನಿಮಾ ನೆನಪೈತಾ? ಕಾರ್ಟೂನ್ ಸಿನಿಮಾ, ನೆರಳಿನ ಹುಡುಗೀದು? ಮೊನ್ನೆ ಫೋನಿನ್ಯಾಗ ಸಿಕ್ತು ನೋಡು. ಮಕ್ಕಳಿಗೆ ತೋರ್ಸಾಕ ಹೋಗಿ ನಾನ ಅತ್ತುಬಿಟ್ಟೆ. ಎಂಥಾ ಚಂದದ ಕಾಲ ಅದು! ನಾವೆಲ್ಲಾ ಕೂಡಿ ನೋಡ್ತಿದ್ವಿ."

"ಹೂನ್ರಿ, ಕೂಡೇ ನೋಡ್ತಿದ್ವಿ," ಎಂದಳು ಅಂಜಿನಕ್ಕ. "ನೀವು ಒಳಗ, ನಮ್ಮ ಹುಡುಗ್ರು ಹೊರಗ. ನಡಕ ಕಿಟಕಿ ಸರಳು."

"ಅಂಜಿನಕ್ಕನ ಬಾಯಿ ಹಂಗ ಐತಿ ಇನ್ನೂ!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ರವೀಣಕುಮಾರನೇ.

ಕ್ರಾಂತಿ ನಗಲಿಲ್ಲ. "ಕಡಿಗೆ ಗೇಟು ತೆಗಿತಾರಲ್ಲ, ಆ ಭಾಗಾನೂ ಐತೇನ್ರಿ?"

"ಯಾವ ಗೇಟು?"

"ಅರಮನಿ ಗೇಟು. ರಾಜಾ ತಾನ ಬಂದು, 'ಗಾಳೆಮ್ಮಾ, ಬಾರವ್ವ ಒಳಗ' ಅಂತಾನಲ್ಲ."

ಪ್ರವೀಣಕುಮಾರ್ ಅವಳ ಮುಖವನ್ನೇ ನೋಡಿದ. "ಗಾಳೆಮ್ಮಾ? ಸಿನಿಮಾದಾಗ? ಅಯ್ಯ, ಅದು ಹಿಂದಿ ಸಿನಿಮಾ ಮಾರಾಯ್ತಿ. ಹುಡುಗಿ ಹೆಸರು ಚಾಂದನಿ. ಗೇಟು ತೆಗಿಯಂಗೇ ಇಲ್ಲ ಅದ್ರಾಗ. ಕಳಿಸ್ತೀನಿ ತಡಿ, ನೀನ ನೋಡು."

ಅವನು ಫೋನು ಒತ್ತುತ್ತಿರುವಾಗಲೇ ಕ್ರಾಂತಿ ಕೇಳಿದಳು. ಸುತ್ತಿ ಬಳಸದೆ, ಚಟ್ಟವನ್ನು ನಿಮ್ಮ ಗೇಟಿನ ಮುಂದೆ ಇಳಿಸುತ್ತೇವೆ ಎಂದಳು.

"ಅದಕ್ಯಾಕ ಕೇಳ್ತಿ? ನಮ್ಮ ಮನಿ ಮನುಷ್ಯಾಳೇ ಆಕಿ," ಎಂದ ಪ್ರವೀಣಕುಮಾರ್. "ಗೇಟು ತಗದು ನಾನ ನಿಂದರ್ತೀನಿ. ಹೂವು ಹಾಕ್ತೀನಿ. ಬರ್ರಿ."

ಕಾರು ಹೋದಮೇಲೆ ಓಬಣ್ಣ ಉಸಿರು ಬಿಟ್ಟು, "ಕಲ್ತವರು ಬ್ಯಾರೇನ ಬಿಡವ್ವ," ಎಂದು ಮತ್ತೆ ಹಗ್ಗ ಬಿಗಿಯಲು ಕೂತ.

ಅಂಜಿನಕ್ಕ ಕುರ್ಚಿಯ ಕೆಳಗಿನ ಲೋಟ ತೆಗೆದಳು. ಚಹಾದ ಮೇಲೆ ಕೆನೆ ಕಟ್ಟಿತ್ತು. "ಬಾಯಾಗ ಬಸಪ್ಪ," ಎಂದು ಗಾದೆಯ ಅರ್ಧವನ್ನಷ್ಟೇ ಆಡಿ ಗಟಾರಕ್ಕೆ ಚೆಲ್ಲಿದಳು.

*

ಆಗ ಊರಿಗೆಲ್ಲ ಇದ್ದದ್ದು ಒಂದೇ ಬಣ್ಣದ ಟಿ.ವಿ. ಸಾವ್ಕಾರರ ತಮ್ಮ ಹೊಸಪೇಟೆಯಿಂದ ಕ್ಯಾಸೆಟ್ ಹಾಕುವ ಪೆಟ್ಟಿಗೆಯನ್ನೂ ಮಕ್ಕಳಿಗೆಂದು ಒಂದೇ ಒಂದು ಕ್ಯಾಸೆಟ್ಟನ್ನೂ ತಂದಿದ್ದ. ಹಾಗಾಗಿ ಪ್ರತಿ ಭಾನುವಾರ ಸಂಜೆ ಅದೇ ಸಿನಿಮಾ. ಒಳಗೆ ಪ್ರವೀಣಕುಮಾರ್ ಚಾಪೆಯ ಮೇಲೆ. ಬೀದಿಯ ಕಡೆಯ ಕಿಟಕಿಗೆ ಕೇರಿಯ ಮಕ್ಕಳು ಜೋತುಬೀಳುತ್ತಿದ್ದವು. ಕ್ರಾಂತಿ ಕುಳ್ಳಿ, ಅವಳಿಗೆ ಬರೀ ಮುಂದಿನವರ ಬೆನ್ನು ಕಾಣುತ್ತಿತ್ತು. ಗಾಳೆಮ್ಮ ಹಿತ್ತಲಲ್ಲಿ ಬಿದ್ದಿದ್ದ ಒಡಕು ಒರಳುಕಲ್ಲನ್ನು ಉರುಳಿಸಿಕೊಂಡು ಬಂದು ಕಿಟಕಿಯ ಕೆಳಗೆ ಬೋರಲು ಹಾಕಿದಳು. ಸಾವ್ಕಾರ್ತಿ ಗದರಿದ್ದಕ್ಕೆ, "ಕೋಳಿಗೆ ಕಾಳು ಹಾಕಾಕ್ರಿ ಯವ್ವಾ" ಎಂದಳಂತೆ. ಆ ಕಲ್ಲು ಹತ್ತಿ ನಿಂತರೆ ಇಡೀ ಅರಮನೆ ಕಾಣುತ್ತಿತ್ತು.

ಹಿಂದಿ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಚಿತ್ರಗಳೇ ಕತೆ ಹೇಳುತ್ತಿದ್ದವು. ಕಾಡಿನಂಚಿನ ಹುಡುಗಿಯೊಬ್ಬಳ ನೆರಳನ್ನು ರಾಣಿ ಬಂಗಾರದ ಕತ್ತರಿಯಿಂದ ಕತ್ತರಿಸಿಕೊಂಡು ಹೋಗುತ್ತಾಳೆ. ಊಟ ಕೇಳದ ಆಳು ಬೇಕಾಗಿತ್ತು ಆ ರಾಣಿಗೆ. ನೆರಳು ಅರಮನೆಯ ಕಸ ಗುಡಿಸುತ್ತದೆ. ಹುಡುಗಿ ಬೆಟ್ಟ ಹತ್ತಿ, ಹೊಳೆ ದಾಟಿ, ಹಾಡುತ್ತಾ ಹಾಡುತ್ತಾ ಅರಮನೆಯ ದೊಡ್ಡ ಗೇಟಿನ ಮುಂದೆ ಬಂದು ನಿಲ್ಲುತ್ತಾಳೆ. ಕಾವಲಿನವನು ಈಟಿ ಅಡ್ಡ ಹಿಡಿಯುತ್ತಾನೆ. ಅಷ್ಟು ಹೊತ್ತಿಗೆ ಸಾವ್ಕಾರರ ಮನೆಯೊಳಗೆ ತಾಟು ಇಡುವ ಸದ್ದಾಗುತ್ತಿತ್ತು.

"ಉಣ್ಣೋ ಹೊತ್ತಿನ್ಯಾಗ ಕಣ್ಣು ಹಾಕಬ್ಯಾಡ್ರಿ, ನಡೀರಿ!" ಎನ್ನುತ್ತಿದ್ದಳು ಸಾವ್ಕಾರ್ತಿ.

ಕಿಟಕಿ ಮುಚ್ಚುತ್ತಿತ್ತು. ಪ್ರತಿ ಭಾನುವಾರವೂ ಅಲ್ಲಿಗೇ ಮುಚ್ಚುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ.

ಕತ್ತಲಲ್ಲಿ ಕೇರಿಗೆ ನಡೆಯುವಾಗ ಗಾಳೆಮ್ಮನ ಮಡಿಲಲ್ಲಿ ಆ ಮನೆಯ ಉಳಿದ ರೊಟ್ಟಿ ಇರುತ್ತಿತ್ತು. "ಅವ್ವಾ, ಆಮ್ಯಾಲೇನಾತು?" ಎಂದು ಕ್ರಾಂತಿ ಕೇಳುತ್ತಿದ್ದಳು. ಅವ್ವ ಒಳಗಿದ್ದವಳು, ಅವಳಿಗೆ ಗೊತ್ತಿರಲೇಬೇಕು.

"ಆಮ್ಯಾಲೇನು, ಗೇಟು ತಗದ್ರು. ರಾಜಾ ತಾನ ಇಳಿದು ಬಂದ. 'ಯಾರು, ಗಾಳೆಮ್ಮಾ? ಬಾರವ್ವ ಒಳಗ' ಅಂದ. ಕುರ್ಚಿ ಹಾಕಿ ಕುಂದ್ರಿಸಿದ್ರು. ಬೆಳ್ಳಿ ತಾಟಿನ್ಯಾಗ ಹೋಳಗಿ, ತುಪ್ಪ. ನೆಳ್ಳು ಓಡಿ ಬಂದು ಆಕಿ ಕಾಲಿಗೆ ಅಂಟಿಕೊಂತು."

"ಆಕಿ ಹೆಸರೂ ಗಾಳೆಮ್ಮಾನ ಏನು?"

"ಹೂಂ ಮತ್ತ. ನನ್ನ ಹೆಸರ."

ಹೋಳಿಗೆ ಒಮ್ಮೊಮ್ಮೆ ಶಾವಿಗೆಯಾಗುತ್ತಿತ್ತು, ಒಮ್ಮೊಮ್ಮೆ ಕೋಳಿಸಾರು. ಹೆಸರು ಮಾತ್ರ ಬದಲಾಗುತ್ತಿರಲಿಲ್ಲ. ಕ್ರಾಂತಿ ದೊಡ್ಡವಳಾಗಿ, ಓದಿ, ನೌಕರಿ ಹಿಡಿದು, ಮದುವೆಯಾಗಿ ಹೋದಮೇಲೂ ಆ ಕೊನೆ ಅವಳೊಳಗೆ ಹಾಗೇ ಇತ್ತು. ಇನ್ನು ಕಸ ಗುಡಿಸುವುದು ಬಿಡು ಎಂದು ಅವಳು ಎಷ್ಟು ಹೇಳಿದರೂ ಗಾಳೆಮ್ಮ ಕೇಳಲಿಲ್ಲ. "ಆ ಅಂಗಳಾ ನನ್ನ ಕೈಗೆ ರೂಢಿ ಆಗೇತಿ" ಎನ್ನುತ್ತಿದ್ದಳು. ಮಂಡಿ ಹಿಡಿದುಕೊಂಡು ಏಳಲಾರದಾದ ಮೇಲೇ ಬಿಟ್ಟದ್ದು.

*

ಹೆಂಗಸರು ಗಾಳೆಮ್ಮನ ಮೈತೊಳೆಯಲು ನೀರು ಕಾಯಿಸುತ್ತಿದ್ದರು. ಕ್ರಾಂತಿ ಬೇವಿನ ಗಿಡದ ಬುಡದಲ್ಲಿ ಕೂತು ಫೋನು ತೆರೆದಳು. ಪ್ರಿಯಾ ಭುಜಕ್ಕೊರಗಿ ಬಗ್ಗಿ ನೋಡಿದಳು. ಅದೇ ಬೆಟ್ಟ, ಅದೇ ಹೊಳೆ, ಅದೇ ಹಾಡು. ಬಣ್ಣ ಮಾಸಿತ್ತು, ಚಿತ್ರ ನಡುಗುತ್ತಿತ್ತು. ಆದರೂ ಹಾಡು ಕೇಳಿದ್ದೇ, ಒರಳುಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತಂತೆ, ಕ್ರಾಂತಿಯ ಹಿಮ್ಮಡಿ ತಾನಾಗಿಯೇ ಮೇಲೆದ್ದಿತು.

ಗೇಟು ಬಂತು. ಈಟಿ ಬಂತು. ಕಿಟಕಿ ಮುಚ್ಚಲು ಇಲ್ಲಿ ಯಾರೂ ಇರಲಿಲ್ಲ.

ಹುಡುಗಿ ಸರಳು ಹಿಡಿದು ತನ್ನದೇ ಹೆಸರು ಕೂಗಿ ನೆರಳನ್ನು ಕರೆದಳು. ನರ್ಸ್ ಆದಮೇಲೆ ರೋಗಿಗಳಿಂದ ಕಲಿತ ಹಿಂದಿ ಈಗ ಕ್ರಾಂತಿಗೆ ತಿಳಿಯುತ್ತಿತ್ತು. 'ಆ ಹೆಸರಿನವರು ಇಲ್ಲಿ ಯಾರೂ ಇಲ್ಲ' ಎಂದ ಕಾವಲಿನವನು. ಒಳಗೆ ಗುಡಿಸುತ್ತಿದ್ದ ನೆರಳು ಒಂದು ಗಳಿಗೆ ತಲೆಯೆತ್ತಿತು, ಆಮೇಲೆ ಬಗ್ಗಿ ಮತ್ತೆ ಗುಡಿಸತೊಡಗಿತು. ಹುಡುಗಿ ಬಂದ ದಾರಿಯಲ್ಲೇ ಇಳಿದು ಹೋದಳು. ಮುಗಿಯಿತು.

"ಇಷ್ಟೇನಾ? ಅಜ್ಜಿ ಹೇಳಿದ್ದು ಬ್ಯಾರೆ ಇತ್ತಲ್ಲಮ್ಮ," ಎಂದಳು ಪ್ರಿಯಾ.

ಕೊಡ ತುಂಬಿಕೊಂಡು ಬಂದ ಅಂಜಿನಕ್ಕನನ್ನು ಕ್ರಾಂತಿ ಕೇಳಿದಳು. "ಅವ್ವ ಇದನ್ನ ನೋಡೇ ಇರಲಿಲ್ಲೇನು?"

"ಎಲ್ಲಿ ನೋಡ್ತಾಳವ್ವ? ಹೊಸ್ತಿಲಾ ದಾಟಸ್ತಿದ್ರೇನು ಆಕೀನ್ನ? ಹಿತ್ತಲದಾಗ ಕುಂತು ಬೂದಿ ಹಚ್ಚಿ ಪಾತ್ರಿ ತಿಕ್ಕತಿದ್ಲು. ಹಾಡೊಂದು ಕೇಳಸ್ತಿತ್ತು ಆಕೀಗೆ, ಅಷ್ಟ."

ಕ್ರಾಂತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ರಾಣಿಯ ಮೇಲೆ ಬಂತು, ಸಾವ್ಕಾರರ ಮನೆಯ ಮೇಲೆ ಬಂತು, ಅವ್ವನ ಮೇಲೂ ಬಂತು. ಕತೆ ಕಟ್ಟುವವಳು ಏನು ಬೇಕಾದರೂ ಕಟ್ಟಬಹುದಿತ್ತಲ್ಲ, ಅರಮನೆಗೆ ಬೆಂಕಿ ಹಚ್ಚಬಹುದಿತ್ತು. ಇವಳು ಕೇಳಿಕೊಂಡದ್ದು ಒಂದು ಕುರ್ಚಿ, ಒಂದು ತಾಟು, ಒಂದು ಕರೆ. ಅಷ್ಟೂ ಸಿಗಲಿಲ್ಲ. ಇವತ್ತಾದರೂ ಆ ಗೇಟು ತೆರೆದಿರಲಿ ಎಂದು ಅವಳು ಯಾರನ್ನು ಬೇಡಿಕೊಂಡಳೋ ಅವಳಿಗೇ ತಿಳಿಯಲಿಲ್ಲ.

*

ಹೊತ್ತು ಇಳಿಯುವಾಗ ಚಟ್ಟ ಎದ್ದಿತು. ಮುಂದಿನ ಗಳಕ್ಕೆ ಓಬಣ್ಣ ಮತ್ತು ಕ್ರಾಂತಿಯ ಗಂಡ ಭೀಮೇಶ್ ಹೆಗಲು ಕೊಟ್ಟಿದ್ದರು. ಹಳ್ಳದ ದಾರಿಯ ತಿರುವಿನಲ್ಲಿ ಓಬಣ್ಣನ ಕಾಲು ರೂಢಿಯಂತೆ ಎಡಕ್ಕೆ ಹೊರಳಿತು.

"ಮಾವ," ಎಂದಳು ಕ್ರಾಂತಿ.

ಅವನು ಬಲಕ್ಕೆ ತಿರುಗಿದ. ಊರ ಬೀದಿಯಲ್ಲಿ, ಹಿಂದೆ ಬರುತ್ತಿದ್ದವರ ಬುದ್ಧವಂದನೆಯ ದನಿ ಸಣ್ಣದಾಯಿತು. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಬೇಡವೆಂದು ಯಾರೂ ಅನ್ನಲಿಲ್ಲ, ಯಾರೂ ಏಳಲೂ ಇಲ್ಲ.

ಸಾವ್ಕಾರರ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ಮೊದಲು ಬೀದಿಗೇ ಇದ್ದ ಕಿಟಕಿ ಈಗ ಕಾಂಪೌಂಡಿನ ಒಳಗಿತ್ತು. ಗೇಟಿನ ಸರಳುಗಳ ನಡುವೆ ಅಂಗಳ ಕಾಣುತ್ತಿತ್ತು, ಬಿಳಿ ಕಾರು ಕಾಣುತ್ತಿತ್ತು, ಕಿಟಕಿಯ ಕೆಳಗೆ ಅದೇ ಒರಳುಕಲ್ಲೂ ಕಾಣುತ್ತಿತ್ತು. ಅದರ ಮೇಲೊಂದು ಹೂವಿನ ಕುಂಡ ಇಟ್ಟಿದ್ದರು.

ಗೇಟಿಗೆ ಒಳಗಿನಿಂದ ಬೀಗ ಬಿದ್ದಿತ್ತು.

"ಬರ್ತಾರ, ತಡೀರಿ," ಎಂದ ಭೀಮೇಶ್.

ತಡೆದರು. ಹೆಗಲು ಬದಲಿಸಿಕೊಂಡರು. ಕಿಟಕಿಯಲ್ಲಿ ಅಂಗಿಯ ತೋಳೊಂದು ಕಾಣಿಸಿತು, ಕೈಗಡಿಯಾರದ ಕೈ. ಬೆಳಿಗ್ಗೆ ಗುಲಾಬಿ ಹಾರ ಇಟ್ಟ ಕೈ ಅದು. ಆ ಕೈ ಕಿಟಕಿಯ ಒಂದು ಕದವನ್ನು ಎಳೆದುಕೊಂಡಿತು, ಆಮೇಲೆ ಇನ್ನೊಂದನ್ನು. ಚಿಲಕ ಬಿದ್ದ ಸದ್ದು ಬೀದಿಗೆ ಕೇಳಿತು.

"ಹೆಣ ಹೋಗುವಾಗ ಬಾಗಲಾ ಹಾಕ್ಕೊಳ್ಳೋದು ಎಲ್ಲಾರ ಮನ್ಯಾಗೂ ಐತವ್ವ," ಎಂದ ಓಬಣ್ಣ. ಅವನ ದನಿ ಅವನಿಗೇ ಬೇಡವಾದಂತಿತ್ತು. "ನಡಿ, ಹುಣಸಿಗಿಡಕ್ಕ ಹೋಗೋಣು."

"ಇಳಸ್ರಿ."

ಇಳಿಸಿದರು. ತಲೆಯಿದ್ದ ಕಡೆಗೆ ಕಾಲು ತಿರುಗಿಸಿದರು. ಕ್ರಾಂತಿ ಮಂಡಿಯೂರಿದಳು. ಕಿವಿಯಲ್ಲಿ ಕರೆಯಬೇಕಾದದ್ದು, ಅವಳು ತಲೆಯೆತ್ತಿ ಕಿಟಕಿಯ ಕಡೆಗೆ ಕೂಗಿದಳು.

"ಗಾಳೆಮ್ಮಾ!"

ಕಟ್ಟೆಯ ಮೇಲಿದ್ದವರು ತಲೆ ತಗ್ಗಿಸಿದರು.

"ಗಾಳೆಮ್ಮಾ!"

ಒಳಗೆ ಯಾರೋ ಟಿ.ವಿ.ಯ ದನಿ ಹೆಚ್ಚು ಮಾಡಿದರು.

"ಗಾಳೆಮ್ಮಾ!"

ಯಾರೂ ಓಗೊಡಲಿಲ್ಲ. ಚಟ್ಟ ಮತ್ತೆ ಹೆಗಲಿಗೇರಿತು. ಬೆನ್ನ ಹಿಂದಿನ ಇಳಿಬಿಸಿಲಿಗೆ ಅದರ ನೆರಳು ಉದ್ದಕ್ಕೆ ಚಾಚಿ, ಗೇಟಿನ ಸರಳುಗಳೊಳಗೆ ತೂರಿ, ಅಂಗಳ ದಾಟಿ, ಒರಳುಕಲ್ಲು ಹತ್ತಿ, ಮುಚ್ಚಿದ ಬಾಗಿಲಿನ ಹೊಸ್ತಿಲ ಮೇಲೆ ಬಿದ್ದಿತು. ಹೊತ್ತವರು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ನಡೆದರು.

ಬೀದಿಯ ಕೊನೆಯ ತಿರುವಿನಲ್ಲಿ ಹಿಂದಿನಿಂದ ಬೀಗ ತೆಗೆದ ಸದ್ದಾಯಿತು. ಕ್ರಾಂತಿ ತಿರುಗಿ ನೋಡಿದಳು. ಸಾವ್ಕಾರರ ಮನೆಯ ಗೇಟು ಹಾರು ಹೊಡೆದು ತೆರೆದಿತ್ತು. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡ ಪ್ರವೀಣಕುಮಾರ್, ನೆರಳು ಬಿದ್ದಿದ್ದ ಹೊಸ್ತಿಲಿನಿಂದ ಬೀದಿಯವರೆಗೆ ಬಕೆಟ್ಟಿನಿಂದ ನೀರು ಸುರಿದು, ರೂಢಿಯಿಲ್ಲದ ಕೈಯಲ್ಲಿ ಕಸಬರಿಗೆಯನ್ನು ತಲೆಕೆಳಗಾಗಿ ಹಿಡಿದು, ಅಂಗಳದ ನೀರನ್ನು ಬಳಿಬಳಿದು ಹೊರಗೆ ನೂಕುತ್ತಿದ್ದ.